ಪ್ಲೇಯರ್‌ನಲ್ಲಿ 16, 33, 45, 78 ಅಂತ ನಾಲ್ಕು ಸ್ಪೀಡ್ ಯಾಕಿದೆ?

ತಿಪಟೂರು ತೆಂಗು:

ಎಲ್ಲರಿಗೂ ನಮಸ್ಕಾರ. ಊರಿನ ಮನೆ ಅಟ್ಟದಲ್ಲಿ ತಾತನ ಕಾಲದ ರೆಕಾರ್ಡ್ ಪ್ಲೇಯರ್ ಸಿಕ್ಕಿದೆ. ಕರೆಂಟಿನದ್ದು, ಸೂಟ್‌ಕೇಸ್ ತರ ಮುಚ್ಚಿಡಬಹುದು. ತಿರುಗುತ್ತದೆ, ಶಬ್ದವೂ ಬರುತ್ತದೆ. ಪಕ್ಕದಲ್ಲಿ ಒಂದು ಕಡ್ಡಿ ಇದೆ, ಅದನ್ನು 16, 33, 45, 78 ಅಂತ (ನಿಮಿಷಕ್ಕೆ ಅಷ್ಟು ಸುತ್ತು) ನಾಲ್ಕು ಕಡೆ ನಿಲ್ಲಿಸಬಹುದು. ಮುಳ್ಳಿನ ಪಕ್ಕ ಇನ್ನೊಂದು ಚಿಕ್ಕ ಹಿಡಿ ಇದೆ, ತಿರುಗಿಸಿದರೆ ಮುಳ್ಳು ಮಗುಚಿಕೊಳ್ಳುತ್ತದೆ. ಒಂದು ಕಡೆ 78 ಅಂತ ಬರೆದಿದೆ, ಇನ್ನೊಂದು ಕಡೆ ಎಲ್.ಪಿ. (ಲಾಂಗ್ ಪ್ಲೇ) ಅಂತ.

ಜೊತೆಗೆ ಒಂದು ಟ್ರಂಕ್ ತುಂಬ ಪ್ಲೇಟುಗಳಿವೆ. ದಪ್ಪಗೆ ಭಾರವಾಗಿರೋ 10 ಇಂಚಿನವೇ ಜಾಸ್ತಿ. ಸಿನಿಮಾ ಹಾಡಿನ ಸಣ್ಣವು ಒಂದಷ್ಟು. ದೊಡ್ಡ 12 ಇಂಚಿನವು ಕಮ್ಮಿ. 16ಕ್ಕೆ ಹಾಕುವಂಥದ್ದು ಒಂದೂ ಇಲ್ಲ.

ಒಂದೇ ಸ್ಪೀಡ್ ಇಟ್ಟುಕೊಂಡಿದ್ದರೆ ಆಗ್ತಿರಲಿಲ್ವಾ? ನಾಲ್ಕು ಯಾಕೆ ಬಂತು? ನಮ್ಮ ಚಿಕ್ಕಪ್ಪ ಹೇಳೋ ಪ್ರಕಾರ 78ರಲ್ಲಿ 33 ಕಳೆದು 45 ಮಾಡಿದರಂತೆ. ಇದು ನಿಜಾನಾ? ಇನ್ನೊಂದು, ಮನೆಯಲ್ಲಿ ಈಗ ಸಿಗೋ ಬ್ಲೂಟೂತ್ ಇರುವ ಹೊಸ ಪ್ಲೇಯರ್ ಒಂದಿದೆ, ಆ ದಪ್ಪ ಪ್ಲೇಟುಗಳನ್ನು ಅದರಲ್ಲಿ ಹಾಕಬಹುದಾ?

ಅರಗಿನ ತಟ್ಟೆ:

ಒಳ್ಳೆ ಪ್ರಶ್ನೆ. ಈ ನಾಲ್ಕು ಸಂಖ್ಯೆಗಳಲ್ಲಿ ಒಂದನ್ನೂ ಸಂಗೀತಗಾರರು ಕೂತು ತೀರ್ಮಾನ ಮಾಡಿದ್ದಲ್ಲ. ಮೋಟಾರು, ಗೇರು, ಸಿನಿಮಾ ರೀಲು, ಆಮೇಲೆ ಎರಡು ಕಂಪನಿಗಳ ಹಟ. ಇವೇ ಕಾರಣ.

ಮೊದಮೊದಲು ಇಂಥದ್ದೇ ಸ್ಪೀಡ್ ಅಂತಲೇ ಇರಲಿಲ್ಲ. ಎಮಿಲ್ ಬರ್ಲಿನರ್ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ತಗೊಂಡರು. ಅವರ ಮೊದಲ ಯಂತ್ರಗಳನ್ನು ಕೈಯಲ್ಲೇ ತಿರುಗಿಸಬೇಕಿತ್ತು. ನಿಮಿಷಕ್ಕೆ 70 ಸುತ್ತಿನ ಆಸುಪಾಸು, ಅದೂ ತಿರುಗಿಸುವವರ ಕೈ ಇದ್ದ ಹಾಗೆ. ಆಮೇಲೆ ಎಲ್ಡ್ರಿಜ್ ಜಾನ್ಸನ್ ಅದಕ್ಕೆ ಸ್ಪ್ರಿಂಗ್ ಮೋಟಾರ್ ಮಾಡಿಕೊಟ್ಟರು (ಮುಂದೆ ವಿಕ್ಟರ್ ಕಂಪನಿ ಕಟ್ಟಿದ್ದು ಇವರೇ). ಕೀ ಕೊಟ್ಟರೆ ತಾನೇ ತಿರುಗುವ ಹಾಗಾಯಿತು. ಆದರೂ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೊಲಂಬಿಯಾದವರು 80 ಅನ್ನುತ್ತಿದ್ದರು, ಎಡಿಸನ್ ಅವರ ಡೈಮಂಡ್ ಡಿಸ್ಕ್ ಕೂಡ 80. ಇನ್ನು ಕೆಲವು ಪ್ಲೇಟು 70ರ ಹತ್ತಿರ. ಹಾಗಾಗಿಯೇ ಹಳೇ ಯಂತ್ರಗಳಲ್ಲಿ ಸ್ಪೀಡ್ ಹೆಚ್ಚುಕಮ್ಮಿ ಮಾಡುವ ತಿರುಪು ಇರುತ್ತಿತ್ತು.

78 ಗಟ್ಟಿಯಾಗಿ ಕೂತದ್ದು 1920ರ ದಶಕದಲ್ಲಿ, ಮೈಕು-ಕರೆಂಟು ಬಂದ ಮೇಲೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್ (ಸೆಕೆಂಡಿಗೆ 60 ಆವರ್ತ). ಅದರಲ್ಲಿ ನಿಮಿಷಕ್ಕೆ 3600 ಸುತ್ತು ತಿರುಗುವ ಮೋಟಾರಿಗೆ 46ಕ್ಕೆ 1ರ ಗೇರು ಹಾಕಿದರೆ ಬರುವುದು 78.26. ಅದೇ ನಿಂತುಬಿಟ್ಟಿತು. ಇಂಗ್ಲೆಂಡಿನಲ್ಲಿ, ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಆ ಲೆಕ್ಕಕ್ಕೆ ಸಿಕ್ಕಿದ್ದು 77.92. ಅಂದರೆ ನಾವು 78 ಅನ್ನುವುದು ಎಲ್ಲೂ ಸರಿಯಾಗಿ 78 ಅಲ್ಲ :)

33⅓ ಬಂದದ್ದು ಸಿನಿಮಾದಿಂದ. 1926ರಲ್ಲಿ ವೈಟಾಫೋನ್ ಅನ್ನುವ ವ್ಯವಸ್ಥೆ ಬಂತು, ಚಿತ್ರ ರೀಲಿನಲ್ಲಿ, ಶಬ್ದ ಪ್ಲೇಟಿನಲ್ಲಿ. ಒಂದು ರೀಲು ಅಂದರೆ 1000 ಅಡಿ ಫಿಲ್ಮ್. ನಿಮಿಷಕ್ಕೆ 90 ಅಡಿ ಓಡುತ್ತದೆ, ಅಲ್ಲಿಗೆ 11 ನಿಮಿಷ. ಪ್ಲೇಟೂ ಅಷ್ಟೇ ಹೊತ್ತು ಓಡಬೇಕಲ್ವಾ. 78ರಲ್ಲಿ ತಿರುಗಿಸಿದರೆ ಎಂಟುನೂರು ಚಿಲ್ಲರೆ ಸುತ್ತು ಬೇಕು, ಆಗಿನ ಅಗಲದ ಗೆರೆಗಳಲ್ಲಿ (ಮುಳ್ಳು ಓಡುವ ಸುರುಳಿ ಕಾಲುವೆ) ಅಷ್ಟು ಹಿಡಿಸುವುದು ಆಗದ ಮಾತು. ಪ್ಲೇಟನ್ನು 16 ಇಂಚಿಗೆ ಹಿಗ್ಗಿಸಿ, ಸ್ಪೀಡನ್ನು 33⅓ಕ್ಕೆ ಇಳಿಸಿದರು. ಸುಮಾರು 370 ಸುತ್ತಿನಲ್ಲಿ ಕೆಲಸ ಮುಗಿಯಿತು. ಆ ಪ್ಲೇಟುಗಳಲ್ಲಿ ಮುಳ್ಳು ಒಳಗಿನಿಂದ ಹೊರಕ್ಕೆ ಓಡುತ್ತಿತ್ತು ಅನ್ನುವುದು ಇನ್ನೊಂದು ಮಜಾ. ಕೆಲವೇ ವರ್ಷದಲ್ಲಿ ಶಬ್ದ ಫಿಲ್ಮಿನ ಮೇಲೇ ಬಂತು, ವೈಟಾಫೋನ್ ಪ್ಲೇಟು ಮೂಲೆ ಸೇರಿತು. ಸ್ಪೀಡ್ ಮಾತ್ರ ಉಳಿಯಿತು. ರೇಡಿಯೋದವರು ಅದನ್ನೇ ತಮ್ಮ ದೊಡ್ಡ ಪ್ಲೇಟುಗಳಿಗೆ ಇಟ್ಟುಕೊಂಡರು.

ಗೇರು ಪಿನಿಯನ್ನು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು 45ರ ಕಥೆ ಹೇಳ್ತೀನಿ. ಚಿಕ್ಕಪ್ಪನ ಲೆಕ್ಕ ಕೇಳೋಕೆ ಚೆನ್ನಾಗಿದೆ, ಆದರೆ ನಂಬಬೇಡಿ.

1948ರ ಜೂನ್‌ನಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನ್ಯೂಯಾರ್ಕ್‌ನಲ್ಲಿ ಎಲ್.ಪಿ. ತೋರಿಸಿತು. 12 ಇಂಚು, 33⅓, ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್), ಒಂದು ಬದಿಗೆ 20 ನಿಮಿಷಕ್ಕೂ ಮೇಲೆ. ಎಂಜಿನಿಯರುಗಳಾದ ಪೀಟರ್ ಗೋಲ್ಡ್‌ಮಾರ್ಕ್, ವಿಲಿಯಂ ಬಾಕ್‌ಮನ್ ಇವರೆಲ್ಲ ಕೆಲಸ ಮಾಡಿದ್ದು. ಇಲ್ಲಿ ಸ್ಪೀಡ್ ಹೊಸದೇನಲ್ಲ, ಹೊಸದು ಗೆರೆ. 78ರ ಪ್ಲೇಟಿನಲ್ಲಿ ಒಂದು ಇಂಚಿಗೆ ಸುಮಾರು 100 ಗೆರೆ, ಎಲ್.ಪಿ.ಯಲ್ಲಿ 200ಕ್ಕೂ ಮೇಲೆ. ಬರೀ ಸ್ಪೀಡ್ ಇಳಿಸಿದರೆ ಸಾಲದು ಅನ್ನೋದಕ್ಕೆ ಸಾಕ್ಷಿ ಮೊದಲೇ ಇತ್ತು. ಕೊಲಂಬಿಯಾದ ಎದುರಾಳಿ ಕಂಪನಿ ಆರ್‌ಸಿಎ ವಿಕ್ಟರ್‌ನವರು 1931ರಲ್ಲೇ 33⅓ರ ಪ್ಲೇಟು ಮಾರಲು ಹೋಗಿದ್ದರು. ಆಗ ಆರ್ಥಿಕ ಕುಸಿತ, ಪ್ಲೇಯರ್ ದುಬಾರಿ, ಆಗಿನ ಭಾರದ ತೋಳು ಪ್ಲೇಟನ್ನು ಬೇಗ ಸವೆಸುತ್ತಿತ್ತು. ತೆಪ್ಪಗೆ ನಿಲ್ಲಿಸಿದರು.

ಹಾಗಾಗಿ ಕೊಲಂಬಿಯಾದವರು 1948ರಲ್ಲಿ ನೀವೂ ಇದನ್ನೇ ಬಳಸಿ ಅಂದಾಗ ಆರ್‌ಸಿಎ ಮುಖ್ಯಸ್ಥ ಡೇವಿಡ್ ಸಾರ್ನಾಫ್ ಅವರಿಗೆ ಹೇಗಾಗಿರಬೇಡ! ಒಪ್ಪಲಿಲ್ಲ. 1949ರ ಮಾರ್ಚ್‌ನಲ್ಲಿ ತಮ್ಮದೇ 7 ಇಂಚಿನ 45 ತಂದರು. ನಡುವೆ ಒಂದೂವರೆ ಇಂಚಿನ ದೊಡ್ಡ ತೂತು, ಬೇರೆ ಯಾವ ಪ್ಲೇಯರಿಗೂ ಸರಿಹೊಂದಬಾರದು ಅನ್ನೋ ಹಾಗೆ. ನ್ಯಾಯವಾಗಿ ಹೇಳಬೇಕಂದರೆ ಆ ತೂತಿಗೆ ಕೆಲಸವೂ ಇತ್ತು, ಪ್ಲೇಟನ್ನು ಒಂದಾದ ಮೇಲೆ ಒಂದು ಬೀಳಿಸುವ ಚೇಂಜರ್ ಯಂತ್ರ ಅದರೊಳಗೇ ಕೂತಿತ್ತು. ಪ್ಲೇಟಿಗೆ ಬಣ್ಣ ಬೇರೆ: ಶಾಸ್ತ್ರೀಯಕ್ಕೆ ಕೆಂಪು, ಮಕ್ಕಳ ಹಾಡಿಗೆ ಹಳದಿ, ಕಂಟ್ರಿ ಹಾಡಿಗೆ ಹಸಿರು.

ಇನ್ನು 45 ಅನ್ನೋ ಸಂಖ್ಯೆ. ಪ್ಲೇಟು ಒಂದೇ ಸ್ಪೀಡಿನಲ್ಲಿ ತಿರುಗಿದರೂ ಮುಳ್ಳಿನ ಕೆಳಗೆ ಗೆರೆ ಓಡುವ ವೇಗ ಹೊರಗೆ ಜಾಸ್ತಿ, ಒಳಗೆ ಕಮ್ಮಿ. 12 ಇಂಚಿನ ಎಲ್.ಪಿ.ಯಲ್ಲಿ ಅಂಚಿನಲ್ಲಿ ಸೆಕೆಂಡಿಗೆ 50 ಸೆಂ.ಮೀ. ಇದ್ದದ್ದು ಲೇಬಲ್ ಹತ್ತಿರ ಬರುವಾಗ 20ರ ಸುಮಾರಿಗೆ ಇಳಿಯುತ್ತದೆ. ಕೊನೇ ಹಾಡು ಮಂಕಾಗಿ ಕೇಳಿಸೋದು ಅದಕ್ಕೇ. ಒಳಗಿನ ಗೆರೆಯ ವ್ಯಾಸ ಹೊರಗಿನದರ ಅರ್ಧಕ್ಕಿಂತ ಕಮ್ಮಿ ಆಗಬಾರದು ಅಂತ ಆರ್‌ಸಿಎ ಎಂಜಿನಿಯರುಗಳು ಲೆಕ್ಕ ಹಾಕಿದರು. 7 ಇಂಚಿನಲ್ಲಿ ಐದು ನಿಮಿಷ ಹಿಡಿಸಬೇಕು, ಶಬ್ದ ಕೆಡಬಾರದು ಅಂತ ಹೊರಟಾಗ 45ರ ಹತ್ತಿರ ಬಂದು ನಿಂತಿತು. ಕಳೆಯುವ ಲೆಕ್ಕ ಆಮೇಲೆ ಯಾರೋ ಕಟ್ಟಿದ್ದು.

ಎರಡು ವರ್ಷ ಜನರಿಗೆ ಪೀಕಲಾಟ. ಯಾವುದು ಗೆಲ್ಲುತ್ತೋ ಗೊತ್ತಿಲ್ಲ, ಯಾಕೆ ತಗೋಬೇಕು ಅಂತ ಅಮೆರಿಕದಲ್ಲಿ ಎಷ್ಟೋ ಮಂದಿ ಕೊಳ್ಳುವುದನ್ನೇ ನಿಲ್ಲಿಸಿದರು. 1950ರಲ್ಲಿ ಆರ್‌ಸಿಎ ಎಲ್.ಪಿ. ಮಾಡಲು ಶುರುಮಾಡಿತು, ಕೊಲಂಬಿಯಾ 45 ಮಾಡಲು ಶುರುಮಾಡಿತು. ಉದ್ದದ ಸಂಗೀತಕ್ಕೆ 33, ಒಂಟಿ ಹಾಡಿಗೆ 45. ಇಬ್ಬರ ಜಗಳದಲ್ಲಿ ನಿಜವಾಗಿ ಸತ್ತದ್ದು 78.

ಹುಬ್ಬಳ್ಳಿ ಗಿರಣಿ:

ಸತ್ತದ್ದು ಅಮೆರಿಕದಾಗ ರೀ, ನಮ್ಮಲ್ಲಿ ಅಲ್ಲ. ಅಲ್ಲಿ 1960ರ ಹೊತ್ತಿಗೆ 78 ಮುಗಿದಿತ್ತು. ಇಲ್ಲಿ ಅದಾದ ಮೇಲೂ ಜೋರಾಗಿ ನಡೆದಿತ್ತು. ಬೀಟಲ್ಸ್ ಗುಂಪಿನ ಹಾಡುಗಳು 1960ರ ದಶಕದಲ್ಲಿ ನಮ್ಮ ದೇಶದಲ್ಲಿ 78ರ ಪ್ಲೇಟಿನಲ್ಲಿ ಬಂದಿವೆ. ಅವರ ಸ್ವಂತ ಊರಿನಲ್ಲೇ ಅಂಥದ್ದು ಇಲ್ಲ. ಇವತ್ತು ಹೊರದೇಶದ ಸಂಗ್ರಹಕಾರರು ಅವುಗಳಿಗೆ ಮುಗಿಬೀಳುತ್ತಾರೆ.

ಕಾರಣ ಸರಳ. ನಮ್ಮ ಹಳ್ಳಿಗಳಿಗೆ ಕರೆಂಟ್ ಇರಲಿಲ್ಲ. ಕೀ ಕೊಡುವ ಗ್ರಾಮಫೋನಿಗೆ ಕರೆಂಟ್ ಬೇಡ, ಆದರೆ ಅದು ಓಡಿಸುವುದು 78 ಮಾತ್ರ. ಅದರ ಉಕ್ಕಿನ ಮುಳ್ಳು, ಮುಳ್ಳು ಕೂರುವ ಸೌಂಡ್ ಬಾಕ್ಸಿನ ಭಾರ, ಇವನ್ನು ಎಲ್.ಪಿ. ಮೇಲೆ ಇಟ್ಟರೆ ಒಂದೇ ಸಲಕ್ಕೆ ಗೆರೆ ಉತ್ತು ಹಾಕುತ್ತದೆ. ಮದುವೆಗೆ, ಜಾತ್ರೆಗೆ ಗ್ರಾಮಫೋನ್ ಬಾಡಿಗೆಗೆ ಕೊಡುವವರು ಇರುವ ತನಕ ಕಂಪನಿ 78 ಮಾಡಿತು. ತಪ್ಪೇನಿದೆ?

ಆ ಪ್ಲೇಟಿನ ಮೂಲವೂ ನಮ್ಮದೇ. ದಪ್ಪ ಪ್ಲೇಟು ವಿನೈಲ್ ಅಲ್ಲ, ಅರಗು. ಛೋಟಾನಾಗಪುರದ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ಹುಳು ಮಾಡುವ ಅರಗು ಹಡಗು ಹತ್ತಿ ಹೋಗಿ ಪ್ಲೇಟಾಗುತ್ತಿತ್ತು. ಅದಕ್ಕೆ ಕಲ್ಲಿನ ಪುಡಿ, ಹತ್ತಿ ಎಳೆ, ಕಪ್ಪು ಮಸಿ ಸೇರಿಸುತ್ತಿದ್ದರು. ಕಲ್ಲಿನ ಪುಡಿ ಬೇಕಂತಲೇ ಹಾಕುತ್ತಿದ್ದದ್ದು. ಹೊಸ ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತಿನಲ್ಲೇ ಉಜ್ಜಿ ಗೆರೆಯ ಆಕಾರಕ್ಕೆ ತರುತ್ತದೆ. ಅದಕ್ಕೇ ಒಂದು ಬದಿ ಮುಗಿದರೆ ಮುಳ್ಳು ಎಸೆಯಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಅರಗು ಸರಿಯಾಗಿ ಸಿಗದೆ ಅಲ್ಲಿನ ಸರ್ಕಾರ ಪ್ಲೇಟು ಕಂಪನಿಗಳಿಗೆ ಕಡಿವಾಣ ಹಾಕಿತು. ಸೈನಿಕರಿಗೆ ಕಳಿಸುವ ಪ್ಲೇಟುಗಳನ್ನು ವಿನೈಲಿನಲ್ಲಿ ಮಾಡಿದರು, ಒಡೆಯುವುದೂ ಇಲ್ಲ. ಎಲ್.ಪಿ.ಗೆ ದಾರಿ ಅಲ್ಲೂ ಆಗಿದೆ ಅಂತ ನನ್ನ ಅಭಿಪ್ರಾಯ.

ಮೂರು ನಿಮಿಷದ ಮಾತೂ ಹೇಳಲೇಬೇಕು. 10 ಇಂಚಿನ 78ರಲ್ಲಿ ಹಿಡಿಯುವುದು ಮೂರು ನಿಮಿಷ, ಸ್ವಲ್ಪ ಹಿಗ್ಗಿಸಿದರೆ ಮೂರುಕಾಲು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿದಾಗಲೂ ಇದೇ ಇಕ್ಕಟ್ಟು. ಒಂದು ತಾಸು ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕು, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕೂಗಬೇಕು. ಪ್ಲೇಟು ಒತ್ತುವುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ನಮ್ಮ ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿಯವರು 1930ರ ದಶಕದಲ್ಲಿ ಎಚ್.ಎಂ.ವಿ.ಗೆ ಹಾಡಿದ್ದೂ ಇದೇ ಅಳತೆಗೆ. ಗಂಗೂಬಾಯಿಯವರ ಮೊದಲ ಪ್ಲೇಟುಗಳ ಮೇಲೆ ಗಾಂಧಾರಿ ಅಂತ ಹೆಸರಿದೆ, ನಿಮ್ಮ ಟ್ರಂಕಿನಲ್ಲಿ ಅಂಥದ್ದು ಕಂಡರೆ ಜ್ವಾಕಿ! ಎಲ್.ಪಿ. ಬಂದ ಮೇಲೆ ವಿಲಂಬಿತಕ್ಕೆ ಜಾಗ ಸಿಕ್ಕಿತು ನಿಜ. ಆದರೆ ಆ ಮೂರು ನಿಮಿಷದಲ್ಲಿ ಒಂದೂ ಪೊಳ್ಳು ಸ್ವರ ಇರುವುದಿಲ್ಲ. ನನಗಂತೂ ಇವತ್ತಿಗೂ ಅವೇ ಹೆಚ್ಚು ಇಷ್ಟ.

ಫ್ರೀಮಾಂಟ್ ಪುಟ್ಟಣ್ಣ:

ಹರ್ಟ್ಜ್ ವಿಷಯ ಬಂತಲ್ಲ, ಒಂದು ಎಚ್ಚರಿಕೆ. ನಾನು ಅಪ್ಪನ ಹಳೇ ಪ್ಲೇಯರ್ ಕ್ಯಾಲಿಫೋರ್ನಿಯಾಕ್ಕೆ ತಂದೆ, ವೋಲ್ಟೇಜ್ ಏರಿಸಲು ಟ್ರಾನ್ಸ್‌ಫಾರ್ಮರ್ ಹಾಕಿದೆ. ಎಲ್ಲ ಸರಿ, ಆದರೆ ಹಾಡುವವರಿಗೆಲ್ಲ ಗಡಿಬಿಡಿ! ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. 50ಕ್ಕೆ ಮಾಡಿದ ಮೋಟಾರು 60ರಲ್ಲಿ ಐದನೇ ಒಂದು ಭಾಗ ಜಾಸ್ತಿ ಓಡುತ್ತದೆ, 33⅓ ಹೋಗಿ 40. ಶ್ರುತಿ ಮೂರು ಸ್ವರಸ್ಥಾನದಷ್ಟು ಮೇಲೆ. ಮೋಟಾರಿನ ತುದಿಯಲ್ಲಿರುವ ಮೆಟ್ಟಿಲು ಮೆಟ್ಟಿಲಾದ ಹಿತ್ತಾಳೆ ಪುಲ್ಲಿಯನ್ನು 60 ಹರ್ಟ್ಜ್‌ನದಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ತಿಪಟೂರಿನವರೇ, ನಿಮ್ಮ ಪ್ಲೇಯರಿನಲ್ಲೂ ಅದು ಇರುತ್ತದೆ ನೋಡಿ. ಕಡ್ಡಿ ಸರಿಸಿದಾಗ ರಬ್ಬರ್ ಚಕ್ರ ಒಂದೊಂದು ಮೆಟ್ಟಿಲಿಗೆ ಹೋಗಿ ಒತ್ತಿಕೊಳ್ಳುತ್ತದೆ. ದಪ್ಪ ಮೆಟ್ಟಿಲು 78, ತೀರಾ ಸಣ್ಣದು 16.

ತಿಪಟೂರು ತೆಂಗು:

ತುಂಬಾ ಥ್ಯಾಂಕ್ಸ್. ತಟ್ಟೆ ಎತ್ತಿ ನೋಡಿದೆ, ಪುಲ್ಲಿ ನೀವು ಹೇಳಿದ ಹಾಗೇ ಇದೆ. 16ರ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಸ್ಪೀಡ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡೋದು ಹೇಗೆ? ಹೊಸ ಪ್ಲೇಯರ್ ಪ್ರಶ್ನೆಯೂ ಹಾಗೇ ಉಳಿದಿದೆ.

ಗೇರು ಪಿನಿಯನ್ನು:

16 ಅಂದರೆ 16⅔, 33⅓ರ ಅರ್ಧ. ಪಾಪ, ಹುಟ್ಟಿದ್ದೇ ಬಡವಾಗಿ. ನಿಧಾನ ತಿರುಗಿದಷ್ಟೂ ಮೇಲಿನ ಸ್ವರಗಳು ಮೊಂಡಾಗುತ್ತವೆ, ಮಾತಿಗೆ ಸಾಕು, ಹಾಡಿಗೆ ಸಾಲದು. ಕಣ್ಣು ಕಾಣದವರಿಗಾಗಿ ಮಾಡುತ್ತಿದ್ದ ಓದುವ ಪುಸ್ತಕಗಳಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬಂತು. ಅಮೆರಿಕದಲ್ಲಿ ಮುಂದೆ ಅದರ ಅರ್ಧ, 8⅓ಕ್ಕೂ ಇಳಿದರು.

ತಮಾಷೆ ಅಂದರೆ ಕಾರು. 1956ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ 16⅔ರ ಪ್ಲೇಯರ್ ಇಟ್ಟಿತು, ಹೈವೇ ಹೈ-ಫೈ ಅಂತ ಹೆಸರು. ಇದರ ಹಿಂದೆಯೂ ಅದೇ ಗೋಲ್ಡ್‌ಮಾರ್ಕ್. 7 ಇಂಚಿನ ಪ್ಲೇಟು, ಎಲ್.ಪಿ.ಗಿಂತಲೂ ಸಣ್ಣ ಗೆರೆ, ಒಂದು ಬದಿಗೆ ಮುಕ್ಕಾಲು ಗಂಟೆಯ ಹತ್ತಿರ. ಆ ಪ್ಲೇಟು ಕೊಲಂಬಿಯಾದಿಂದ ಮಾತ್ರ ಸಿಗುತ್ತಿತ್ತು, ಆಯ್ಕೆ ಕಮ್ಮಿ, ಯಂತ್ರ ಕೆಡುವುದು ಜಾಸ್ತಿ. ಬೇಗನೇ ಮುಚ್ಚಿಹೋಯಿತು. ಪ್ರೆಸ್ಟೀಜ್ ಅನ್ನೋ ಜಾಝ್ ಕಂಪನಿ ಕೆಲವು 16ರ ಪ್ಲೇಟು ಮಾಡಿ ಕೈಬಿಟ್ಟಿತು. ಅಂಗಡಿ, ಹೋಟೆಲುಗಳಲ್ಲಿ ಮೆಲ್ಲಗೆ ಸಂಗೀತ ಹಾಕುವ ಸೀಬರ್ಗ್ ಯಂತ್ರಗಳಿಗೆ ಮಾತ್ರ ಅದು ಸರಿಹೋಯಿತು, ಅಲ್ಲಿ ಯಾರೂ ಕಿವಿಗೊಟ್ಟು ಕೇಳುವುದಿಲ್ಲವಲ್ಲ. ಪುಲ್ಲಿಗೆ ಇನ್ನೊಂದು ಮೆಟ್ಟಿಲು ಕೊರೆಯಲು ದೊಡ್ಡ ಖರ್ಚಿಲ್ಲ, ಅದಕ್ಕೇ ಕಂಪನಿಗಳು ವರ್ಷಗಟ್ಟಲೆ ಸುಮ್ನೆ 16 ಅಂತ ಬರೆದು ಮಾರಿದವು.

ಅರಗಿನ ತಟ್ಟೆ:

ಉಳಿದದ್ದು ನಾನು ಹೇಳುತ್ತೇನೆ.

ಸ್ಪೀಡ್ ನೋಡಲು ಸ್ಟ್ರೋಬ್ ಚಿತ್ರ ಅಂತ ಸಿಗುತ್ತದೆ, ಕಾಗದದ ಮೇಲೆ ವೃತ್ತಾಕಾರದಲ್ಲಿ ಕಪ್ಪು ಗೆರೆಗಳು. ಪ್ರಿಂಟ್ ತೆಗೆದು ತಟ್ಟೆ ಮೇಲಿಡಿ. 50 ಹರ್ಟ್ಜ್‌ಗೆ ಮಾಡಿದ್ದೇ ಆಗಿರಬೇಕು. 78ಕ್ಕೆ 77 ಗೆರೆ, 33⅓ಕ್ಕೆ 180, 45ಕ್ಕೆ 133. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಸ್ಪೀಡ್ ಸರಿ ಇದ್ದಾಗ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಮುಂದಕ್ಕೆ ಹರಿದರೆ ಸ್ಪೀಡ್ ಜಾಸ್ತಿ, ಹಿಂದಕ್ಕೆ ಹರಿದರೆ ಕಮ್ಮಿ. ಎಲ್‌ಇಡಿ ಬೆಳಕಿನಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ನಿಧಾನ ಆಗುತ್ತಿದ್ದರೆ ರಬ್ಬರ್ ಚಕ್ರ ಗಟ್ಟಿಯಾಗಿ ಜಾರುತ್ತಿರಬಹುದು, ಮೋಟಾರಿನ ಎಣ್ಣೆ ಒಣಗಿರಬಹುದು.

ತೀರಾ ಹಳೇ ಪ್ಲೇಟಾದರೆ 78ಕ್ಕೆ ಹಾಕಿದರೂ ಶ್ರುತಿ ಸರಿ ಬರದೆ ಇರಬಹುದು. 72ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಹಾಕಿದರೆ ಹೆಚ್ಚುಕಮ್ಮಿ ಒಂದೂವರೆ ಸ್ವರಸ್ಥಾನ ಏರಿಬಿಡುತ್ತದೆ. ಗಂಡಸಿನ ದನಿ ಕೀರಲು ಅನ್ನಿಸಿದರೆ ಹಾಡಿದವರನ್ನು ಬೈಯಬೇಡಿ.

ಹೊಸ ಪ್ಲೇಯರಿನಲ್ಲಿ ದಪ್ಪ ಪ್ಲೇಟು ಹಾಕಬೇಡಿ. 78 ಅಂತ ಅದರ ಮೇಲೆ ಬರೆದಿದ್ದರೂ ಬೇಡ. ಅದರ ಮುಳ್ಳು ಎಲ್.ಪಿ.ಯದು. 78ರ ಗೆರೆ ಅದಕ್ಕಿಂತ ಮೂರು ನಾಲ್ಕು ಪಟ್ಟು ಅಗಲ. ಸಣ್ಣ ಮುಳ್ಳು ಗೆರೆಯ ಗೋಡೆ ಮುಟ್ಟದೆ ತಳಕ್ಕೆ ಹೋಗಿ ಕೊಳೆಯನ್ನು ಕೆರೆಯುತ್ತದೆ, ಹಾಡಿಗಿಂತ ಗರಗರ ಜಾಸ್ತಿ. ನಿಮ್ಮ ತಾತನ ಪ್ಲೇಯರಿನ ಮಗುಚುವ ಮುಳ್ಳು ಇದಕ್ಕೇ ಇರುವುದು. ದಪ್ಪ ಪ್ಲೇಟಿಗೆ 78ರ ಕಡೆ, ಉಳಿದ ಎರಡಕ್ಕೂ ಎಲ್.ಪಿ. ಕಡೆ. ಮುಳ್ಳು ಸವೆದಿರಬಹುದು, ಮೊದಲು ಬದಲಿಸಿ. ಆಮೇಲೆ ಒಳ್ಳೆ ಪ್ಲೇಟು ಮುಟ್ಟಿ.

ತೊಳೆಯುವ ವಿಷಯ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಂತರ್ಜಾಲದಲ್ಲಿ ವಿನೈಲಿಗೆ ಹೇಳುವ ಸ್ಪಿರಿಟ್ ಬೆರೆಸಿದ ದ್ರಾವಣವನ್ನು ದಪ್ಪ ಪ್ಲೇಟಿಗೆ ಹಚ್ಚಲೇಬೇಡಿ. ಸ್ಪಿರಿಟ್‌ನಲ್ಲಿ ಅರಗು ಕರಗುತ್ತದೆ, ಬಡಗಿಗಳು ಪಾಲಿಶ್ ಮಾಡಿಕೊಳ್ಳುವುದೇ ಹಾಗೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಲೇಬಲ್ ನೆನೆಸಬೇಡಿ. ಒರೆಸಿ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬಿರುಕು ಬಿಡುತ್ತವೆ.

ಫ್ರೀಮಾಂಟ್ ಪುಟ್ಟಣ್ಣ:

78 ಇಲ್ಲದ ಪ್ಲೇಯರ್ ಇರುವವರಿಗೆ ಒಂದು ಉಪಾಯ. 78ಕ್ಕೆ ಆಗುವ ದಪ್ಪ ಮುಳ್ಳು ಮಾತ್ರ ತಗೊಳ್ಳಿ. ಪ್ಲೇಟನ್ನು 45ರಲ್ಲಿ ತಿರುಗಿಸಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ. ಆಮೇಲೆ ಸಾಫ್ಟ್‌ವೇರಿನಲ್ಲಿ ಸ್ಪೀಡ್ 1.73 ಪಟ್ಟು ಏರಿಸಿ. ಶ್ರುತಿಯೂ ಜೊತೆಗೇ ಏರುವ ಆಯ್ಕೆ ಇರುತ್ತದೆ, ಅದನ್ನೇ ಬಳಸಬೇಕು. ಸ್ವಲ್ಪ ಬಾಗಿದ ಪ್ಲೇಟಿಗೂ ಇದು ಒಳ್ಳೆಯದು, ನಿಧಾನ ತಿರುಗುವುದರಿಂದ ಮುಳ್ಳು ಹಾರುವುದಿಲ್ಲ.

ತಿಪಟೂರು ತೆಂಗು:

ಅಯ್ಯೋ, ಒಳ್ಳೇದಾಯ್ತು ಕೇಳಿದ್ದು. ನಾಳೆ ಸ್ಪಿರಿಟ್ ತರೋಣ ಅಂತಿದ್ದೆ. ಟ್ರಂಕಿನ ಲೇಬಲ್‌ಗಳ ಫೋಟೋ ಹಾಕ್ತೀನಿ, ಗಾಂಧಾರಿ ಅಂತ ಇದೆಯಾ ನೋಡಬೇಕು. ಮಗುಚುವ ಮುಳ್ಳು ಬೆಂಗಳೂರಿನಲ್ಲಿ ಎಲ್ಲಾದರೂ ಸಿಗುತ್ತಾ?

ಹುಬ್ಬಳ್ಳಿ ಗಿರಣಿ:

ಹಳೇ ಮುಳ್ಳು ಬಿಚ್ಚಿ ಅದರ ಫೋಟೋವನ್ನೂ ಹಾಕಿರಿ, ಎರಡೂ ಕಡೆಯಿಂದ. ಕಾರ್ಟ್ರಿಜ್ (ಮುಳ್ಳು ಕೂರುವ ಚಿಕ್ಕ ಡಬ್ಬಿ) ಮೇಲಿನ ನಂಬರ್ ಓದಲು ಬರುವ ಹಾಗೆ. ಭಾನುವಾರ ಎಸ್.ಪಿ. ರೋಡಿನ ಕಡೆ ಹೋಗುವವರು ಇಲ್ಲಿ ಇದ್ದಾರೆ, ನಂಬರ್ ಇದ್ದರೆ ಹುಡುಕಲು ಸಲೀಸು.